ಎರಡನೇ ಸಲ ಡಾಕ್ಟರ ಬಾಗಿಲಿಗೆ

ಮನಸ್ಸಿನ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ರೋಗಿಯೇ ಕೂತು ತನ್ನ ಡಾಕ್ಟರ ಬಗ್ಗೆ ಬರೆದದ್ದು ಮಾತ್ರ ಅಪರೂಪ. ಅಂಥ ಅಪರೂಪದ್ದೊಂದು 1971ರಲ್ಲಿ ಬಂದ 'ದಿ ವುಲ್ಫ್-ಮ್ಯಾನ್ ಬೈ ದಿ ವುಲ್ಫ್-ಮ್ಯಾನ್'. ಬರೆದವನು ಸೆರ್ಗೆಯ್ ಪಾಂಕೆಯೆವ್, ಒಡೆಸ್ಸಾ ಕಡೆಯ ದೊಡ್ಡ ಜಮೀನ್ದಾರರ ಮಗ. ಸಂಪಾದಿಸಿದವಳು ಮ್ಯೂರಿಯಲ್ ಗಾರ್ಡಿನರ್ ಎಂಬ ಅಮೆರಿಕದ ಮನೋವಿಶ್ಲೇಷಕಿ. ಅವಳು ವಿಯೆನ್ನಾದಲ್ಲಿ ಓದುತ್ತಿದ್ದಾಗ ಈತನೇ ಅವಳಿಗೆ ರಷ್ಯನ್ ಪಾಠ ಹೇಳಿಕೊಟ್ಟವನು. ಪುಸ್ತಕದೊಳಗೆ ಈತನ ಆತ್ಮಕಥೆ ಇದೆ, ಈತನ ಮೇಲೆ ಫ್ರಾಯ್ಡ್ 1918ರಲ್ಲಿ ಪ್ರಕಟಿಸಿದ ಹೆಸರಾಂತ ವರದಿ ಇದೆ, ಮುಂದೆ ಚಿಕಿತ್ಸೆ ಮಾಡಿದ ರೂಥ್ ಮ್ಯಾಕ್ ಬ್ರುನ್ಸ್‌ವಿಕ್ 1928ರಲ್ಲಿ ಬರೆದ ಪುರವಣಿಯೂ ಇದೆ. ಲೆಡ್ಜರು, ವೋಚರು, ಗಿರಾಕಿಯ ತಕರಾರು ಅರ್ಜಿ ಎಲ್ಲವೂ ಒಂದೇ ಫೈಲಿನಲ್ಲಿ ಸಿಕ್ಕ ಹಾಗೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಇದಕ್ಕಿಂತ ರುಚಿಯಾದ ಓದು ಬೇಕೆ?

ಮುಂಬಯಿಯ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೆ ಪುಸ್ತಕದ ರಾಶಿಗಳು ಆಳೆತ್ತರ ನಿಂತಿರುತ್ತಿದ್ದ ಕಾಲದಲ್ಲಿ ನನಗೆ ಇದು ಸಿಕ್ಕಿತು. ಆಮೇಲೆ ಮೂರು ಸಲ ಓದಿದ್ದೇನೆ. ಈ ಪುಸ್ತಕವನ್ನು ಎಲ್ಲರೂ ಆ ತೋಳಗಳ ಕನಸಿಗಾಗಿ ಓದುತ್ತಾರೆ. ನಾಲ್ಕು ವರ್ಷದ ಹುಡುಗ ಕಿಟಕಿಯಾಚೆಯ ಅಕ್ರೋಟು ಮರದ ಮೇಲೆ ಬಿಳಿ ತೋಳಗಳು ಕೂತು ತನ್ನನ್ನೇ ನೋಡುವುದನ್ನು ಕಂಡು ಕಿರುಚಿ ಏಳುತ್ತಾನೆ. ಫ್ರಾಯ್ಡ್ ಆ ಕನಸನ್ನು ಬಿಡಿಸಿದ ರೀತಿ ಜಾಣತನದ್ದೇ. ಆದರೆ ನಂಬುವುದಕ್ಕೆ ನನಗೆ ಕಷ್ಟ, ಕೊನೆಗಾಲದಲ್ಲಿ ಪಾಂಕೆಯೆವ್‌ಗೂ ಕಷ್ಟವಾಗಿತ್ತು. ನನಗೆ ಮುಖ್ಯ ಅನಿಸಿದ್ದು ಕನಸಲ್ಲ. ಒಮ್ಮೆ 'ಗುಣವಾಯಿತು' ಎಂದು ಕಳಿಸಿಕೊಟ್ಟ ಮನುಷ್ಯ ಎರಡನೇ ಸಲ ಅದೇ ಬಾಗಿಲಿಗೆ ಯಾಕೆ ಬಂದ, ಅಥವಾ ಅವನನ್ನು ಯಾಕೆ ಕರೆಸಿಕೊಂಡರು ಅನ್ನುವುದು. ಯಾಕೆಂದರೆ ಎರಡು ಚಿಕಿತ್ಸೆಗಳ ನಡುವೆ ಅವನ ಊರೇ ಹೋಗಿಬಿಟ್ಟಿತ್ತು.

ಮೊದಲನೆಯದು 1910ರ ಫೆಬ್ರವರಿಯಿಂದ 1914ರ ಜುಲೈವರೆಗೆ, ನಾಲ್ಕೂವರೆ ವರ್ಷ. ಆಗ ಆತ ಶ್ರೀಮಂತ. ಅಕ್ಕ ಆತ್ಮಹತ್ಯೆ ಮಾಡಿಕೊಂಡಿದ್ದಳು, ಅಪ್ಪನೂ ತೀರಿಹೋಗಿದ್ದ. ಈತ ಮಾತ್ರ ಸ್ವಂತ ಡಾಕ್ಟರನ್ನು ಜೊತೆಗಿಟ್ಟುಕೊಂಡು ಯುರೋಪೆಲ್ಲ ಸುತ್ತಿ ಕೊನೆಗೆ ವಿಯೆನ್ನಾಕ್ಕೆ ಬಂದಿದ್ದ. ವರ್ಷಗಟ್ಟಲೆ ಫ್ರಾಯ್ಡನ ಮಂಚದ ಮೇಲೆ ಮಲಗಿ ಮಾತಾಡಿದರೂ ಕೆಲಸ ಮುಂದೆ ಹೋಗಲಿಲ್ಲ. ಹಾಯಾಗಿದ್ದ, ಅಷ್ಟೆ. ಆಗ ಫ್ರಾಯ್ಡ್ ಒಂದು ಉಪಾಯ ಮಾಡಿದ. ಇಂಥ ದಿನಕ್ಕೆ ಚಿಕಿತ್ಸೆ ಮುಗಿಯುತ್ತದೆ, ಆಮೇಲೆ ಒಂದು ದಿನವೂ ಇಲ್ಲ ಎಂದು ಗಡುವು ಹಾಕಿದ. ಗಡುವು ಹತ್ತಿರ ಬಂದ ಹಾಗೆ ಹೂತಿಟ್ಟದ್ದೆಲ್ಲ ಹೊರಬಂತಂತೆ. 1914ರ ಬೇಸಿಗೆಯಲ್ಲಿ, ಸರಾಯೆವೊದಲ್ಲಿ ಆರ್ಚ್‌ಡ್ಯೂಕನ ಕೊಲೆಯಾದ ಸುಮಾರಿಗೆ, ಆತ ಗುಣವಾದವನೆಂದು ಊರಿಗೆ ಹೊರಟ.

ಬ್ಯಾಂಕಿನವರಿಗೆ ಈ ಗಡುವಿನ ಕತೆ ಬೇರೆ ಹೇಳಬೇಕಿಲ್ಲ. ಮಾರ್ಚ್ 31ರ ರಾತ್ರಿ ಪುಸ್ತಕ ಮುಚ್ಚಲೇಬೇಕು. ಹತ್ತು ತಿಂಗಳು ತಾಳೆಯಾಗದ ಎಂಟ್ರಿಗಳು ಆ ಒಂದು ವಾರದಲ್ಲಿ ಸರಸರ ತಾಳೆಯಾಗುತ್ತವೆ. ಆಗದೇ ಉಳಿದದ್ದನ್ನು ಏನು ಮಾಡುತ್ತೇವೆ? ಸಸ್ಪೆನ್ಸ್ ಅಕೌಂಟಿಗೆ ಹಾಕಿ ಬ್ಯಾಲೆನ್ಸ್ ಶೀಟು ಕೂಡಿಸುತ್ತೇವೆ. ಶೀಟು ಕೂಡಿತು ಅನ್ನುವುದು ಸುಳ್ಳಲ್ಲ. ಆದರೆ ಆ ಎಂಟ್ರಿ ಎಲ್ಲಿಗೂ ಹೋಗಿರುವುದಿಲ್ಲ, ಮುಂದಿನ ಇನ್‌ಸ್ಪೆಕ್ಷನ್‌ಗೆ ಕಾಯುತ್ತಾ ಕೂತಿರುತ್ತದೆ.

1919ರಲ್ಲಿ ಪಾಂಕೆಯೆವ್ ಮತ್ತೆ ವಿಯೆನ್ನಾಕ್ಕೆ ಬಂದದ್ದು ಚಿಕಿತ್ಸೆಗಲ್ಲ. ಹೆಂಡತಿ ತೆರೇಸಾ ಜರ್ಮನಿಯ ಫ್ರೈಬುರ್ಗಿನಲ್ಲಿದ್ದಳು, ಅವಳ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ಅಲ್ಲಿಗೆ ಹೋಗುವ ದಾರಿಯಲ್ಲಿ ಹಳೆಯ ಡಾಕ್ಟರನ್ನು ನೋಡಿ ಹೋಗೋಣ ಅಂತ ಬಂದ. ಇಲ್ಲಿಂದ ಮುಂದೆ ಎರಡು ದಾಖಲೆಗಳು ಹೊಂದುವುದಿಲ್ಲ. ಫ್ರಾಯ್ಡ್ 1923ರಲ್ಲಿ ತನ್ನ ವರದಿಗೆ ಸೇರಿಸಿದ ಅಡಿಟಿಪ್ಪಣಿಯ ಪ್ರಕಾರ, ಮೊದಲ ಚಿಕಿತ್ಸೆ ಮುಗಿದ ಕೂಡಲೇ ಡಾಕ್ಟರ ಪ್ರಭಾವದಿಂದ ಕಿತ್ತುಕೊಂಡು ಹೋಗುವ ತವಕ ತನಗಾಗಿತ್ತೆಂದು ರೋಗಿಯೇ ಬಂದು ಹೇಳಿದ. ಮೀರಲಾಗದೆ ಉಳಿದಿದ್ದ ಟ್ರಾನ್ಸ್‌ಫರೆನ್ಸಿನ ಒಂದು ತುಣುಕನ್ನು ಕೆಲವು ತಿಂಗಳ ಕೆಲಸದಲ್ಲಿ ಸರಿಪಡಿಸಲಾಯಿತು. ಪಾಂಕೆಯೆವ್ ಬರೆಯುವುದು ಬೇರೆ: ನಾನು ಚೆನ್ನಾಗಿದ್ದೆ, ಮತ್ತೆ ಚಿಕಿತ್ಸೆ ಎಂಬ ಯೋಚನೆಯೇ ನನಗಿರಲಿಲ್ಲ, ಇನ್ನೂ ಸ್ವಲ್ಪ ಬಾಕಿ ಉಳಿದಿದೆ ಅಂದವರು ಪ್ರೊಫೆಸರರೇ. ಬ್ರುನ್ಸ್‌ವಿಕ್‌ಳನ್ನು ಕೇಳಿದರೆ ಮೂರನೆಯ ಕಾರಣ: ಹಟಮಾರಿ ಮಲಬದ್ಧತೆ!

ಟ್ರಾನ್ಸ್‌ಫರೆನ್ಸ್ ಅಂದರೆ ರೋಗಿ ತನ್ನ ಅಪ್ಪನ ಮೇಲೋ ಅಮ್ಮನ ಮೇಲೋ ಇದ್ದ ಹಳೆಯ ಪ್ರೀತಿ-ಸಿಟ್ಟುಗಳನ್ನು ಡಾಕ್ಟರ ಮೇಲೆ ಹೊರಿಸುವುದು. ಟ್ರಾನ್ಸ್‌ಫರ್ ಎಂದಕೂಡಲೇ ಬೇರೇನೋ ನೆನಪಾಗಿ ಎದೆ ಧಸಕ್ಕನ್ನುವ ನಮ್ಮಂಥವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹೊಸ ಬ್ರಾಂಚಿಗೆ ಹೋದ ಮೊದಲ ವಾರದಲ್ಲೇ ಅಲ್ಲಿಯ ಮ್ಯಾನೇಜರನಲ್ಲಿ ಹಳೇ ಬ್ರಾಂಚಿನವನನ್ನೇ ಕಾಣುತ್ತೇವೆ. ಎರಡನೇ ಚಿಕಿತ್ಸೆ ಹುಡುಕಹೊರಟದ್ದು ಬಾಲ್ಯದ ಇನ್ನೊಂದು ಕನಸನ್ನಲ್ಲ, ಈ ಡಾಕ್ಟರು-ರೋಗಿಯ ನಡುವಿನ ಗಂಟನ್ನೇ. ಮೊದಲ ಸಲ ಮಾತೆಲ್ಲ ಊರು, ಅಕ್ಕ, ದಾದಿಯ ಮೇಲೆ ನಡೆದರೆ, ಎರಡನೇ ಸಲ ಎದುರಿಗೆ ಕೂತ ಮನುಷ್ಯನೇ ವಿಷಯವಾಗುತ್ತಾನೆ. ಹಾಗಾಗಿ ಮತ್ತೆ ಹೋದ ಅಂದರೆ ಮೊದಲನೆಯದು ಕೆಟ್ಟಿತು ಅಂತ ಕೂಡಿಸುವವರ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಫ್ರಾಯ್ಡನೇ 1937ರ ಒಂದು ಲೇಖನದಲ್ಲಿ ಈ ರಷ್ಯನ್ನನ ವಿಷಯ ಮತ್ತೆ ಎತ್ತಿ, ಗಡುವಿನ ಉಪಾಯ ಎಷ್ಟು ಅಪಾಯದ್ದು ಎಂದು ಹೇಳುತ್ತಾನೆ. ಆಪರೇಶನ್ ಆದ ಎಷ್ಟೋ ಕಾಲದ ಮೇಲೆ ಹೊಲಿಗೆಯ ದಾರ ಹೊರಬರುವ ಹಾಗೆ ಹಳೆಯದು ಚೂರುಚೂರಾಗಿ ಹೊರಬಂತು ಎಂಬ ಅರ್ಥದ ಹೋಲಿಕೆಯನ್ನೂ ಕೊಡುತ್ತಾನೆ. ವಿಶ್ಲೇಷಕರೇ ಐದು ವರ್ಷಕ್ಕೊಮ್ಮೆ ನಾಚಿಕೆಪಡದೆ ಮತ್ತೆ ಚಿಕಿತ್ಸೆಗೆ ಹೋಗಬೇಕು ಎನ್ನುವುದೂ ಅದೇ ಲೇಖನದಲ್ಲಿ. ಡಾಕ್ಟರಿಗೆ ಇಲ್ಲದ ನಾಚಿಕೆ ರೋಗಿಗೆ ಯಾಕೆ?

ಆದರೆ ಫ್ರಾಯ್ಡನ ಪರವಾಗಿ ಇಷ್ಟು ಹೇಳಿದ ಮೇಲೆ ನನ್ನ ತಕರಾರನ್ನೂ ಹೇಳಬೇಕು. ಎರಡನೇ ಚಿಕಿತ್ಸೆ ನಡೆಯುತ್ತಿದ್ದಾಗ ಒಡೆಸ್ಸಾ ಇನ್ನೂ ಬೋಲ್ಶೆವಿಕ್ ವಿರೋಧಿಗಳ ಕೈಯಲ್ಲಿತ್ತು. ಆಸ್ತಿಯಲ್ಲಿ ಸ್ವಲ್ಪವಾದರೂ ಉಳಿಸಿಕೊಳ್ಳೋಣ, ಒಮ್ಮೆ ಹೋಗಿಬರುತ್ತೇನೆ ಅಂತ ಪಾಂಕೆಯೆವ್ ಕೇಳಿದ. ಫ್ರಾಯ್ಡ್ ಬೇಡವೆಂದ. ಊರಿಗೆ ಹೋಗಬೇಕೆನ್ನುವ ಆ ಆಸೆಯೂ ಚಿಕಿತ್ಸೆಯಿಂದ ತಪ್ಪಿಸಿಕೊಳ್ಳುವ ಮನಸ್ಸಿನ ಆಟ ಅಂತ ಅವನ ಎಣಿಕೆ. 1920ರ ಫೆಬ್ರವರಿಯಲ್ಲಿ ಕೆಂಪು ಸೇನೆ ಒಡೆಸ್ಸಾಕ್ಕೆ ನುಗ್ಗಿತು. ಜಮೀನು, ಮನೆ, ಬ್ಯಾಂಕಿನಲ್ಲಿದ್ದದ್ದು ಎಲ್ಲ ಹೋಯಿತು. ಸಾಯುವವರೆಗೂ ಪಾಂಕೆಯೆವ್‌ಗೆ ಈ ಒಂದು ಸಿಟ್ಟು ಹೋಗಲಿಲ್ಲ.

ತಣ್ಣಗೆ ಯೋಚಿಸಿದರೆ, ಹೋಗಿದ್ದರೂ ಅವನು ದೊಡ್ಡದೇನನ್ನೂ ತರುತ್ತಿರಲಿಲ್ಲ. ಜಮೀನ್ದಾರನ ಮಗನಿಗೆ ಜೀವವೇ ಉಳಿಯುತ್ತಿತ್ತೋ ಇಲ್ಲವೋ. ಹಾಗೆ ನೋಡಿದರೆ ಫ್ರಾಯ್ಡನ ಮಂಚ ಅವನ ಪ್ರಾಣ ಉಳಿಸಿತು ಎಂದೂ ವಾದಿಸಬಹುದು. ನನ್ನ ತಕರಾರು ಫಲಿತಾಂಶದ ಮೇಲಲ್ಲ, ಓದಿನ ಮೇಲೆ. ಒಬ್ಬ ಮನುಷ್ಯ 'ನನಗೆ ಊರಿಗೆ ಹೋಗಬೇಕು' ಅಂದಾಗ ಅದಕ್ಕೆ ಬೇರೆ ಅರ್ಥ ಇರಬಹುದು. ಊರಿಗೆ ಹೋಗಬೇಕು ಎಂಬ ಅರ್ಥವೂ ಇರಬಹುದಲ್ಲ? 1923ರ ಆ ಅಡಿಟಿಪ್ಪಣಿಯಲ್ಲಿ ಫ್ರಾಯ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಯುದ್ಧ ಈತನ ಊರು, ಆಸ್ತಿ, ಸಂಸಾರ ಎಲ್ಲವನ್ನೂ ಕಸಿದುಕೊಂಡಿತು ಎಂದು ಒಪ್ಪಿ, ಆ ಕಷ್ಟವೇ ಅವನ ಪಾಪಪ್ರಜ್ಞೆಯನ್ನು ತಣಿಸಿ ಗುಣವಾಗುವುದಕ್ಕೆ ನೆರವಾಗಿರಬಹುದು ಎನ್ನುತ್ತಾನೆ. ಈ ಸಾಲುಗಳಿಗೆ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಜಗತ್ತಿನ ಇಷ್ಟು ದೊಡ್ಡ ತಲೆಗೆ, ಮನೆ ಕಳೆದುಕೊಳ್ಳುವುದು ಎನ್ನುವುದೇ ಒಂದು ಕಾಯಿಲೆ ಎಂದು ಹೊಳೆಯಲಿಲ್ಲವಲ್ಲ! 1938ರಲ್ಲಿ ಅವನೇ ವಿಯೆನ್ನಾ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಅಷ್ಟು ಹೊತ್ತಿಗೆ ಈ ವರದಿ ಬರೆದು ಇಪ್ಪತ್ತು ವರ್ಷ ದಾಟಿತ್ತು.

ಭಾಷೆಯ ವಿಷಯಕ್ಕೆ ಬರೋಣ. ಪಾಂಕೆಯೆವ್ ಚಿಕ್ಕಂದಿನಲ್ಲಿ ಅತ್ತದ್ದು ರಷ್ಯನ್ನಿನಲ್ಲಿ, ಹಳ್ಳಿಯ ದಾದಿಯ ಮಡಿಲಲ್ಲಿ. ಆಮೇಲೆ ಮನೆಗೆ ಇಂಗ್ಲಿಷ್ ಮೇಡಮ್ಮು ಬಂದಳು. ಚಿಕಿತ್ಸೆ ಆದದ್ದು ಜರ್ಮನ್ನಿನಲ್ಲಿ. ಫ್ರಾಯ್ಡನ ವರದಿಯಲ್ಲಿ ಒಂದು ಪ್ರಸಂಗವಿದೆ. ಯಾರೋ ಒಬ್ಬ 'ಎಸ್ಪೆ'ಯ ರೆಕ್ಕೆ ಕೀಳುವ ಕನಸು ಕಂಡೆ ಅನ್ನುತ್ತಾನೆ. ಎಸ್ಪೆ ಅಂದರೆ ಏನಪ್ಪಾ ಎಂದು ಫ್ರಾಯ್ಡ್ ಕೇಳಿದರೆ, ಅದೇ, ಮೈಮೇಲೆ ಹಳದಿ ಪಟ್ಟೆ ಇರುವ ಕುಟುಕುವ ಹುಳ ಅಂತ ಉತ್ತರ. ಜರ್ಮನ್ನಿನಲ್ಲಿ ಕಣಜಕ್ಕೆ 'ವೆಸ್ಪೆ' ಎನ್ನುತ್ತಾರೆ, ಈತ ಮೊದಲ ಅಕ್ಷರ ನುಂಗಿದ್ದ. ಮರುಕ್ಷಣ ಅವನಿಗೇ ಹೊಳೆಯುತ್ತದೆ: ಎಸ್ಪೆ ಅಂದರೆ ಎಸ್. ಪಿ., ತನ್ನದೇ ಇನಿಷಿಯಲ್ಲು. ರೆಕ್ಕೆ ಕಿತ್ತದ್ದು ತನ್ನದೇ. ಪರಭಾಷೆ ಬಾರದ ನೆಪದಲ್ಲಿ ಈತ ಒಳಗಿನದನ್ನು ಮುಚ್ಚಿಟ್ಟುಕೊಳ್ಳುತ್ತಾನೆ ಎಂದು ಫ್ರಾಯ್ಡ್ ಟಿಪ್ಪಣಿ ಮಾಡುತ್ತಾನೆ. ನಿಜವೇ. ಆದರೆ ಪರಭಾಷೆಯಲ್ಲಿ ಎಡವಿದ್ದರಿಂದಲೇ ಅದು ಹೊರಬಂತು ಎನ್ನುವುದೂ ಅಷ್ಟೇ ನಿಜ. 1976ರಲ್ಲಿ ನಿಕೊಲಾಸ್ ಅಬ್ರಹಾಂ, ಮಾರಿಯಾ ಟೊರೊಕ್ ಎಂಬಿಬ್ಬರು ಫ್ರೆಂಚಿನಲ್ಲಿ ಒಂದು ಪುಸ್ತಕ ಬರೆದು, ಈತನ ಗುಟ್ಟೆಲ್ಲ ರಷ್ಯನ್, ಜರ್ಮನ್, ಇಂಗ್ಲಿಷ್ ಈ ಮೂರರ ಸಂದಿಯಲ್ಲಿದೆ ಎಂದು ವಾದಿಸಿದರು. ಅವರ ಬಿಡಿಸುವಿಕೆ ಕೆಲವು ಕಡೆ ಪದಬಂಧ ತುಂಬಿದ ಹಾಗೆ ಕಾಣುತ್ತದೆ. ಬುಡದ ಮಾತು ಮಾತ್ರ ಸರಿ.

ಇದನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಮುಂಬಯಿಯಲ್ಲಿ ನಾನೂ ಎರಡು ಸಲ ಇಂಥ ಡಾಕ್ಟರರಲ್ಲಿಗೆ ಹೋದವನು. 1994ರಲ್ಲಿ ಒಂದೂವರೆ ವರ್ಷ, ಮತ್ತೆ 2011ರಲ್ಲಿ ಎಂಟು ತಿಂಗಳು. ಮಂಚವೇನೂ ಇರಲಿಲ್ಲ, ಎರಡು ಬೆತ್ತದ ಕುರ್ಚಿ. ಮೊದಲ ಸಲ ಇಂಗ್ಲಿಷಿನಲ್ಲಿ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. ಲೋನ್ ಅಪ್ರೈಸಲ್ ನೋಟು ಬರೆದ ಹಾಗೆ ನನ್ನ ಬಾಲ್ಯದ ಮೇಲೆ ಅಚ್ಚುಕಟ್ಟಾದ ವರದಿ ಕೊಟ್ಟೆ. ನಿದ್ದೆ ಬರತೊಡಗಿತು, ಬಿಟ್ಟೆ. ಎರಡನೇ ಸಲ ಹೋದಾಗ ಡಾಕ್ಟರು ಅವರೇ, ಕೂದಲು ಬೆಳ್ಳಗಾಗಿತ್ತು. ಮೂರನೇ ವಾರದಲ್ಲಿ ಏನೋ ಹೇಳುತ್ತ ಬಾಯಿತಪ್ಪಿ 'ಮಂಡೆಬಿಸಿ' ಅಂದುಬಿಟ್ಟೆ. ಅವರು ಮರಾಠಿಯವರು, ಅಂದರೇನು ಎಂದು ಕೇಳಿದರು. ಟೆನ್ಷನ್ ಎಂದೆ. ಅಲ್ಲ ಅನಿಸಿತು. ತಲೆನೋವು ಎಂದೆ, ಅದೂ ಅಲ್ಲ. ನಮ್ಮ ಕುಂದಾಪುರದ ಕಡೆ ಅಮ್ಮ ಒಲೆ ಊದುತ್ತಾ, ಅಪ್ಪನ ಸಾಲದ ಲೆಕ್ಕ ಹಾಕುತ್ತಾ 'ಮಂಡೆಬಿಸಿ ಮಾರಾಯ' ಅನ್ನುತ್ತಿದ್ದದ್ದನ್ನು ವಿವರಿಸುವುದಕ್ಕೆ ಆ ದಿನದ ಮುಕ್ಕಾಲು ಗಂಟೆ ಪೂರ್ತಿ ಹೋಯಿತು. 1994ರ ಒಂದೂವರೆ ವರ್ಷದಲ್ಲಿ ಅಮ್ಮನ ಒಲೆ ಒಮ್ಮೆಯೂ ಬಂದಿರಲಿಲ್ಲ.

ಊರಿನ ನೆಂಟರಿಗೆ ವಿಷಯ ತಿಳಿದಾಗ ಎರಡು ಮಾತು ಬಂದವು. ಹಿರಿಯರೊಬ್ಬರು, "ಮತ್ತೆ ಹೋದ್ಯಾ? ಹಾಗಾದ್ರೆ ಅವತ್ತು ಗುಣ ಆಗ್ಲಿಲ್ಲ ಅಂತಾಯ್ತು" ಅಂದರು. ಉಳಿದವರೆಲ್ಲ, "ಊರಿಗೆ ಬಂದ್ಬಿಡು, ಎಲ್ಲ ಸರಿಹೋಗ್ತದೆ" ಅಂದರು. ಊರಿನಲ್ಲೇ ಇರುವ ನಿಮಗೆ ಈ ಎರಡನೆಯ ಮಾತು ಬಹಳ ಸಹಜವಾಗಿ ಬರುತ್ತದೆ, ಪ್ರೀತಿಯಿಂದಲೇ ಬರುತ್ತದೆ, ನನಗೆ ಗೊತ್ತು. ಪಾಂಕೆಯೆವ್‌ನ ಊರು ಬೇರೆಯವರ ಕೈಸೇರಿತ್ತು. ನನಗೆ ಹಾಗಲ್ಲ, ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಕುಂದಾಪುರ. ಹೋಗಿ ಬಂದಿದ್ದೇನೆ, ವರ್ಷಕ್ಕೆರಡು ಸಲ. ಹೋದಾಗ ಊರಿನ ಬಗ್ಗೆ ಮಾತಾಡಲು ಊರಿನಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಅದನ್ನು ಮಾತಾಡಲು ನನಗೆ ಸಿಕ್ಕ ಜಾಗ ಆ ಬೆತ್ತದ ಕುರ್ಚಿ.

ಕನ್ನಡದಲ್ಲಿ ಇದರ ಹತ್ತಿರಕ್ಕೆ ಬಂದದ್ದು ಯಶವಂತ ಚಿತ್ತಾಲರ 'ಶಿಕಾರಿ'. ಮುಂಬಯಿಯ ಕಂಪೆನಿಯೊಂದರ ಅಧಿಕಾರಿ ನಾಗಪ್ಪನ ಮೇಲೆ ಸಂಚು ನಡೆದಾಗ ಅವನ ಮನಸ್ಸು ಉತ್ತರ ಕನ್ನಡದ ಹಳೆಯ ಸಾವುನೋವುಗಳಿಗೆ ಓಡುತ್ತದೆ. ನಾಗಪ್ಪ ಯಾವ ಡಾಕ್ಟರರಲ್ಲಿಗೂ ಹೋಗುವುದಿಲ್ಲ. ತನ್ನನ್ನು ತಾನೇ ಬಗೆದು ನೋಡಿಕೊಳ್ಳುತ್ತಾನೆ. ಆ ಕಾದಂಬರಿ ಬಂದದ್ದು 1979ರಲ್ಲಿ. ಪಾಂಕೆಯೆವ್ ವಿಯೆನ್ನಾದಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಸಂಬಂಧವೇನಿಲ್ಲ, ಸುಮ್ಮನೆ ಹೇಳಿದೆ. ಆದರೆ ಎರಡನ್ನೂ ಒಟ್ಟಿಗೆ ಓದಿದವರಿಗೆ ಒಂದು ಕಾಣುತ್ತದೆ: ಚಿತ್ತಾಲರು ಬಾಲ್ಯಕ್ಕೆ ಕೊಟ್ಟಷ್ಟೇ ಬೆಲೆಯನ್ನು ಇವತ್ತಿನ ಆಫೀಸಿಗೂ ಕೊಡುತ್ತಾರೆ. ಫ್ರಾಯ್ಡ್ ಕೊಡುವುದಿಲ್ಲ.

ದುಡ್ಡಿನ ವಿಷಯ ಬಿಟ್ಟರೆ ಈ ಪುಸ್ತಕದ ವಿಮರ್ಶೆ ಪೂರ್ತಿಯಾಗದು. ಎರಡನೇ ಚಿಕಿತ್ಸೆಗೆ ಫ್ರಾಯ್ಡ್ ಫೀಸು ತೆಗೆದುಕೊಳ್ಳಲಿಲ್ಲ. ಅಷ್ಟೇ ಅಲ್ಲ, ಆಮೇಲೆ ಆರು ವರ್ಷ ತನ್ನವರಿಂದ ವಂತಿಗೆ ಎತ್ತಿ ವರ್ಷಕ್ಕೊಮ್ಮೆ ಈತನಿಗೆ ಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಆದರೆ ಟ್ರಾನ್ಸ್‌ಫರೆನ್ಸಿನ ಗಂಟು ಬಿಚ್ಚಲೆಂದೇ ನಡೆದ ಚಿಕಿತ್ಸೆಯ ಬೆನ್ನಿಗೆ, ಡಾಕ್ಟರು ನಿಜವಾಗಿಯೂ ಅಪ್ಪನ ಹಾಗೆ ಖರ್ಚಿಗೆ ದುಡ್ಡು ಕೊಡತೊಡಗಿದರೆ ಗಂಟು ಬಿಗಿಯುತ್ತದೋ ಸಡಿಲುತ್ತದೋ? 1922ರಲ್ಲಿ ರಷ್ಯದಿಂದ ಬಂದ ಪರಿಚಿತರೊಬ್ಬರು ಮನೆತನದ ಅಳಿದುಳಿದ ಒಡವೆ ತಂದುಕೊಟ್ಟರು. ಪಾಂಕೆಯೆವ್ ಅದನ್ನು ಫ್ರಾಯ್ಡನಿಗೆ ಹೇಳದೆ ಮುಚ್ಚಿಟ್ಟ. ವಂತಿಗೆ ನಿಂತೀತೆಂಬ ಹೆದರಿಕೆ. ಒಡವೆಗೆ ಅಂದುಕೊಂಡಷ್ಟು ಬೆಲೆಯೂ ಇರಲಿಲ್ಲ. 1926ರಲ್ಲಿ ಆತನಿಗೆ ತನ್ನ ಮೂಗು ಹಾಳಾಗಿದೆ ಎಂಬ ಭ್ರಮೆ ಹಿಡಿಯಿತು. ಜೇಬಿನಲ್ಲಿ ಕನ್ನಡಿ ಇಟ್ಟುಕೊಂಡು ಗಳಿಗೆಗೊಮ್ಮೆ ಮೂಗು ನೋಡಿಕೊಳ್ಳುತ್ತಿದ್ದ. ಫ್ರಾಯ್ಡ್ ಅವನನ್ನು ಬ್ರುನ್ಸ್‌ವಿಕ್‌ಳಲ್ಲಿಗೆ ಕಳಿಸಿದ. ಅವಳು ಸ್ವತಃ ಫ್ರಾಯ್ಡನಲ್ಲೇ ಚಿಕಿತ್ಸೆ ಪಡೆಯುತ್ತಿದ್ದವಳು. ಒಡವೆಯ ಗುಟ್ಟು ಅಲ್ಲಿ ಹೊರಬಿತ್ತು. ಬ್ರುನ್ಸ್‌ವಿಕ್ ಇದನ್ನು ಅಪ್ರಾಮಾಣಿಕತೆ ಎಂದು ಬರೆಯುತ್ತಾಳೆ. ಊರು ಕಳೆದುಕೊಂಡವನು ಊರಿನಿಂದ ಬಂದ ಕೊನೆಯ ಪೊಟ್ಟಣವನ್ನು ಯಾರಿಗೂ ತೋರಿಸದೆ ಇಟ್ಟುಕೊಂಡದ್ದು ದುಡ್ಡಿನ ಆಸೆಗೆ ಮಾತ್ರವೇ? ಈ ಪ್ರಶ್ನೆ ಅವಳಿಗೂ ಬರುವುದಿಲ್ಲ.

1980ರಲ್ಲಿ ಕಾರಿನ್ ಓಬ್‌ಹೋಲ್ಟ್ಸರ್ ಎಂಬ ಆಸ್ಟ್ರಿಯದ ಪತ್ರಕರ್ತೆ, ಮುದುಕ ಪಾಂಕೆಯೆವ್ ಜೊತೆ ನಡೆಸಿದ ಮಾತುಕತೆಗಳನ್ನು ಅವನು ಸತ್ತ ಮೇಲೆ ಪ್ರಕಟಿಸಿದಳು. ಅದರಲ್ಲಿ ಆತ ಮನೋವಿಶ್ಲೇಷಣೆಯನ್ನು ಸಾಕಷ್ಟು ಬೈಯುತ್ತಾನೆ. ತೋಳಗಳ ಕನಸಿನ ಅರ್ಥವನ್ನು ಒಪ್ಪುವುದಿಲ್ಲ. ಫ್ರಾಯ್ಡನ ವಿರೋಧಿಗಳಿಗೆ ಅಂದಿನಿಂದ ಇದೇ ಬ್ರಹ್ಮಾಸ್ತ್ರ. ನನಗೇಕೋ ಆ ಬೈಗುಳವನ್ನು ತೀರ್ಪು ಎಂದು ಓದಲಾಗುವುದಿಲ್ಲ. ತೊಂಬತ್ತರ ಹತ್ತಿರದ ಮುದುಕ, 1950ರಲ್ಲಿ ಇನ್ಶೂರೆನ್ಸ್ ಕಂಪೆನಿಯಿಂದ ನಿವೃತ್ತನಾದವನು, 1938ರಲ್ಲಿ ಹೆಂಡತಿ ಗ್ಯಾಸ್ ತೆರೆದು ಸತ್ತದ್ದನ್ನು ಕಂಡವನು, ಹೊಸಬಳೊಬ್ಬಳು ಕೇಳಲು ಕೂತಾಗ ಮತ್ತೆ ಮೊದಲಿಂದ ಎಲ್ಲವನ್ನೂ ಹೇಳುತ್ತಾನೆ. ಇದೂ ಮತ್ತೊಂದು ಸುತ್ತಿನ ಚಿಕಿತ್ಸೆಯೇ ತಾನೆ? ಬೈದದ್ದನ್ನೇ ಹಿಡಿದುಕೊಂಡವರು, ಬೈಯುವುದಕ್ಕೂ ಅವನಿಗೆ ಒಬ್ಬರು ಕೇಳುವವರು ಬೇಕಾಗಿದ್ದರು ಎನ್ನುವುದನ್ನು ಬಿಟ್ಟುಬಿಡುತ್ತಾರೆ. ಪುಸ್ತಕವಾಗಿ ಓಬ್‌ಹೋಲ್ಟ್ಸರ್‌ಳದು ಚುರುಕು, ಗಾರ್ಡಿನರ್‌ಳದು ನಿಧಾನ. ನನಗೆ ನಿಧಾನದ್ದೇ ಹೆಚ್ಚು ನಂಬಿಕೆಯದು.

ಗಾರ್ಡಿನರ್‌ಳ ಪುಸ್ತಕದ ಕೊನೆಯ ಭಾಗದಲ್ಲಿ ಬರುವ ಒಂದು ಘಟನೆಯನ್ನು ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ. 1951ರಲ್ಲಿ ವಿಯೆನ್ನಾ ಇನ್ನೂ ನಾಲ್ಕು ದೇಶಗಳ ಸೈನ್ಯದ ಹಿಡಿತದಲ್ಲಿತ್ತು. ಪಾಂಕೆಯೆವ್‌ಗೆ ಚಿತ್ರ ಬರೆಯುವ ಹವ್ಯಾಸ. ಒಂದು ದಿನ ಬಣ್ಣದ ಪೆಟ್ಟಿಗೆ ಹಿಡಿದು ನಡೆಯುತ್ತಾ ಗೊತ್ತಿಲ್ಲದೆ ರಷ್ಯನ್ನರ ವಲಯಕ್ಕೆ ಕಾಲಿಟ್ಟು, ಅಲ್ಲೊಂದು ಕಟ್ಟಡದ ಚಿತ್ರ ಬರೆಯತೊಡಗಿದ. ಅದು ಸೈನ್ಯದ ಠಾಣ್ಯವಾಗಿತ್ತು. ಹಿಡಿದು ಎರಡೂವರೆ ದಿನ ಕೂಡಿಹಾಕಿ ಪ್ರಶ್ನೆ ಕೇಳಿದರು: ಹೆಸರೇನು, ರಷ್ಯನ್ ಹೆಸರು ಹೇಗೆ ಬಂತು, ಇಲ್ಲೇನು ಕೆಲಸ. ಮೂವತ್ತು ವರ್ಷ ಕಳೆದ ಮೇಲೆ ಅವನ ಊರು ಅವನನ್ನು ಎದುರು ಕೂರಿಸಿಕೊಂಡು ವಿಚಾರಿಸಿದ್ದು ಹೀಗೆ. ಬಿಡುವಾಗ, ಉಳಿದ ಚಿತ್ರಗಳನ್ನೂ ತೆಗೆದುಕೊಂಡು ಇಪ್ಪತ್ತೊಂದು ದಿನ ಬಿಟ್ಟು ಮತ್ತೆ ಬಾ ಎಂದರು. ಆ ಇಪ್ಪತ್ತೊಂದು ದಿನ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹೋಗದೆ ಇರಬಹುದಿತ್ತು. ಆದರೂ ಹೇಳಿದ ದಿನ ಚಿತ್ರಗಳನ್ನು ಕಟ್ಟಿಕೊಂಡು ಎರಡನೇ ಸಲ ಹೋದ. ಅಲ್ಲಿದ್ದವರು ಏನೂ ಮಾಡದೆ ವಾಪಸು ಕಳಿಸಿದರು.